ಪಿಂಚಣಿ ಪಂಜರ

ಹೆಂಗಸಿನ ಕೈ ಮೊಣಕೈವರೆಗೂ ಪಂಜರದೊಳಗಿತ್ತು. ಮೀನಿನ ತೊಟ್ಟಿಯ ನೀರು ಬದಲಿಸಿ ಹಿಂದಿನ ಕೋಣೆಗೆ ಬಂದ ಅಂಗಡಿಯವನು ಬಕೆಟ್ಟನ್ನು ಅಲ್ಲೇ ಕುಕ್ಕಿದ.

"ಏನಮ್ಮಾ, ಬದನೆಕಾಯಿ ಆರಿಸ್ತಾ ಇದ್ದೀರಾ?"

ಅವಳು ಬೆಚ್ಚಲಿಲ್ಲ. ಇಲಿಯಂಥ ಒಂದು ಗುಂಡು ಹ್ಯಾಮ್‌ಸ್ಟರನ್ನು ಅಂಗೈಯಲ್ಲಿಟ್ಟುಕೊಂಡು ಬೆಳಕಿಗೆ ಹಿಡಿದಳು. ಬೆನ್ನ ಮೇಲೆ ಗುಂಡಿಯಗಲ ಕೂದಲುದುರಿತ್ತು. ಒಂದು ಕಣ್ಣು ಮಂಜು.

"ಎಲ್ಲಕ್ಕಿಂತ ವಯಸ್ಸಾದದ್ದು ಇದೇ ಅಲ್ವಾ?"

ಅವಳು ಬರುತ್ತಿರುವುದು ಇದು ಮೂರನೇ ದಿನ, ಅದೇ ಪ್ರಶ್ನೆ. ಬಣ್ಣ ಕೇಳಿರಲಿಲ್ಲ, ಗಂಡೋ ಹೆಣ್ಣೋ ಕೇಳಿರಲಿಲ್ಲ. ಮಗಳಿಗೆ ಬೇಕು, ಮುದಿಯದೇ ಬೇಕು, ಬೇಗ ಬೇಕು. ಅಂಗಡಿಯವನ ಇಪ್ಪತ್ತು ವರ್ಷದ ಅನುಭವದಲ್ಲಿ ಮುದಿಯದನ್ನು ಹುಡುಕಿಕೊಂಡು ಬಂದವರು ಒಂದೇ ಪಂಗಡದವರು: ಮನೆಯಲ್ಲಿ ಹಾವು ಸಾಕಿದವರು. ಯಾರಿಗೂ ಬೇಡವಾದದ್ದನ್ನು ಹಾವು ಬೇಡವೆನ್ನುವುದಿಲ್ಲ.

ಅವಳ ಕೈಯ ಹಿಂಬದಿಯಲ್ಲಿ ಹತ್ತಿ, ಮೇಲೊಂದು ಬಿಳಿ ಪಟ್ಟಿ, ಸುತ್ತ ನೀಲಿಗಟ್ಟಿದ ಚರ್ಮ.

"ಕಚ್ಚಿತಾ?"

"ಏನು?"

"ನಿಮ್ಮ ಹಾವು."

ಅವಳು ಕೈ ಹಿಂದಕ್ಕೆಳೆದುಕೊಂಡಳು. "ಸೂಜಿ ಚುಚ್ಚಿತು."

ಸೂಜಿಯಂತೆ! ಅವನು ಪ್ರಾಣಿಯನ್ನು ಮೆಲ್ಲಗೆ ಅವಳಿಂದ ಬಿಡಿಸಿಕೊಂಡು ಅದರ ಖಾನೆಗೆ ಇಳಿಸಿದ. ಖಾನೆ ಖಾನೆಯಾಗಿ ವಿಂಗಡಿಸಿದ ಈ ಪಂಜರ ಮಾರಾಟಕ್ಕಲ್ಲ. ಹರೆಯದಲ್ಲಿ ಗಿರಾಕಿ ಸಿಗದೆ ಉಳಿದವು, ಮಕ್ಕಳಿಗೆ ಬೇಸರವಾಗಿ ವಾಪಸು ಬಂದವು ಇಲ್ಲಿ ನಿವೃತ್ತಿ ಅನುಭವಿಸುತ್ತಿದ್ದವು. ಅವನಿಟ್ಟ ಹೆಸರು ಪಿಂಚಣಿ ಪಂಜರ. ಮಂಜುಗಣ್ಣಿನದು ಅದರ ಹೆಡ್‌ಮಾಸ್ತರು. ಎರಡು ವರ್ಷ ಒಂದು ತಿಂಗಳು. ಆ ಕುಲದಲ್ಲಿ ಅದು ಹಣ್ಣು ಹಣ್ಣು ಮುದುಕತನ.

"ಮಗುವನ್ನ ನೋಡದೆ ನಾನು ಯಾರಿಗೂ ಏನೂ ಕೊಡಲ್ಲ," ಎಂದ. ಹಾವಿಗೆ ಮಗುವಿನ ವೇಷ ಹಾಕಿಸಲಾಗದು ಎಂಬ ಧೈರ್ಯ.

"ನಾಳೆ ಕರ್ಕೊಂಡು ಬರ್ತೀನಿ. ಅಲ್ಲಿವರೆಗೆ ಇದನ್ನ ಬೇರೆ ಯಾರಿಗೂ… ದಯವಿಟ್ಟು. ನಿಮ್ಮ ಕಾಲಿಗೆ ಬೀಳ್ತೀನಿ."

ಕಾಲಿಗೆ ಬೀಳುವಂಥದ್ದೇನಿದೆ ಇದರಲ್ಲಿ? ಅವನಿಗೆ ಅರ್ಥವಾಗಲಿಲ್ಲ.

ಮರುದಿನ ಮಧ್ಯಾಹ್ನ ಮಗು ಬಂತು. ಏಳೋ ಎಂಟೋ ವರ್ಷ. ಎರಡು ಜಡೆ, ಒಂದು ಕಿವಿಯ ಮೇಲೆ, ಇನ್ನೊಂದು ಕುತ್ತಿಗೆಯ ಹತ್ತಿರ.

"ನಾನೇ ಹೆಣೆದಿದ್ದು," ಎಂದಿತು ಅವನು ಕೇಳುವ ಮೊದಲೇ. "ಅಮ್ಮ ಈಗ ಹೆಣೆಯೋದೇ ಇಲ್ಲ. ನನ್ನ ಡಬ್ಬಿನೂ ನಾನೇ ತುಂಬ್ಕೋಬೇಕು. ಮೀನು ನಿದ್ದೆ ಮಾಡುತ್ತಾ? ನಿಮ್ಮ ಮೀಸೆ ನಿಜವಾದದ್ದಾ?"

"ಇವಳ ಹೆಸರೇ ಪ್ರಶ್ನೆಪತ್ರಿಕೆ," ಎಂದಳು ತಾಯಿ. ಹೇಳದೆ ಕೇಳದೆ ಕಾಳಿನ ಮೂಟೆಯ ಮೇಲೆ ಕೂತುಬಿಟ್ಟಳು. ಸೋಮಾರಿ, ಅಂದುಕೊಂಡ ಅಂಗಡಿಯವನು.

ಹಾವಿನ ಅನುಮಾನವೇನೋ ಹೋಯಿತು. ಅವನು ಹೆಡ್‌ಮಾಸ್ತರನ್ನು ಎತ್ತಿ, ಮೂಗಿನಲ್ಲೇ ಸ್ವರ ಹೊರಡಿಸಿದ: "ಯಾರದು ಗಲಾಟೆ? ಬೆಂಚಿನ ಮೇಲೆ ನಿಲ್ಲಿ! ಕಡಲೆಬೀಜ ತರದವರಿಗೆ ಸೊನ್ನೆ!"

ಮಗು ಹೊಟ್ಟೆ ಹಿಡಿದುಕೊಂಡು ನಕ್ಕಿತು. ತಾಯಿ ನಗಲಿಲ್ಲ. ಮಗಳು ನಗುವುದನ್ನು ಬಾಯಿಪಾಠ ಮಾಡುವವಳಂತೆ ನೋಡುತ್ತಿದ್ದಳು.

ಅಂಗಡಿಯವನದು ಎಲ್ಲರಿಗೂ ಮೂರು ಪ್ರಶ್ನೆ. ಸರಿಯುತ್ತರ ಬರದಿದ್ದರೆ ಪ್ರಾಣಿ ಇಲ್ಲ.

"ಪಂಜರ ಯಾರು ತೊಳೀತಾರೆ?"

"ನಾನು!"

"ರಜಕ್ಕೆ ಊರಿಗೆ ಹೋದ್ರೆ?"

"ಪರೀಕ್ಷೆ ಮುಗಿದ ಮೇಲೆ ಅಜ್ಜಿ ಮನೆಗೇ ಹೋಗ್ಬಿಡೋದು. ಅಲ್ಲೇ ಶಾಲೆ. ನನ್ನ ಬಟ್ಟೆಯೆಲ್ಲ ಆಗಲೇ ಹೋಯ್ತು."

"ಅಮ್ಮ?"

"ಅಮ್ಮಂಗೆ ಇಲ್ಲಿ ಕೆಲಸ ಇದೆಯಂತೆ."

ಓಹೋ. ಇವಳದು ಈ ಲೆಕ್ಕಾಚಾರವೇ! ಮಗುವನ್ನು ಸಾಗಹಾಕುವುದು, ಅಲ್ಲಿಯವರೆಗೆ ಸಮಾಧಾನಕ್ಕೊಂದು ಆಟಿಕೆ. ಗಿಳಿಗೆ ಮಾತು ಕಲಿಸೆಂದು ಮಗುವನ್ನು ಮುಂದಿನ ಕೋಣೆಗೆ ಕಳಿಸಿ, ಅವನು ಬಾಗಿಲು ಮುಂದೆ ಮಾಡಿದ. ಮೂರನೆಯ ಪ್ರಶ್ನೆ ದೊಡ್ಡವರಿಗೆ ಮಾತ್ರ.

"ಇದು ಸತ್ತರೆ ಮಗುವಿಗೆ ಏನು ಹೇಳ್ತೀರಿ?"

ಈ ಪ್ರಶ್ನೆಗೆ ಎಲ್ಲ ತಂದೆತಾಯಿಯರೂ ಅಳುಕುತ್ತಿದ್ದರು. ಅದೇ ಬಣ್ಣದ್ದು ಇನ್ನೊಂದು ಸಿಗುತ್ತಲ್ಲ, ಗೊತ್ತಾಗದ ಹಾಗೆ ಬದಲಿಸಿಬಿಡ್ತೀವಿ ಎನ್ನುತ್ತಿದ್ದರು. ಅವನಿಗೂ ಅದೇ ಸರಿಯುತ್ತರ.

"ಸತ್ತೋಯ್ತು ಅಂತಲೇ ಹೇಳ್ತೀನಿ," ಎಂದಳು. "ಅವಳ ಕೈಲೇ ಗುಂಡಿ ತೋಡಿಸ್ತೀನಿ."

ಅವನು ಹೆಡ್‌ಮಾಸ್ತರನ್ನು ಎದೆಗೊತ್ತಿಕೊಂಡ.

"ಒಂದೇ ಕೇಳ್ತೀನಿ, ನಿಜ ಹೇಳಿ," ಅವಳು ಮೂಟೆಯಿಂದ ಏಳಲು ಹೋಗಿ, ಗೋಡೆ ಹಿಡಿದುಕೊಂಡಳು. "ಪರೀಕ್ಷೆ ಮುಗಿಯೋದ್ರೊಳಗೆ ಹೋಗುತ್ತಲ್ಲ ಇದು? ಇನ್ನು ಎರಡು ತಿಂಗಳು. ತಡ ಆಗಲ್ಲ ತಾನೇ?"

"ನೀವು ತಾಯಿನಾ, ಏನು?" ಅವನ ದನಿ ಈಗ ಯಾರ ಅನುಕರಣೆಯೂ ಅಲ್ಲ. "ಆ ಮಗು ಇದನ್ನ ಅಪ್ಪಿಕೊಂಡು ಮಲಗುತ್ತೆ. ಒಂದಿನ ಎದ್ದು ನೋಡಿದ್ರೆ ತಣ್ಣಗಿರುತ್ತೆ. ಅದನ್ನ ಬೇಕಂತಲೇ ಅವಳ ಕೈಗೆ ಕೊಡ್ತೀರಾ? ಆ ಎಳೇ ಜೀವ ಅತ್ತೂ ಅತ್ತೂ ಸಾಯಲಿ ಅಂತಲಾ?"

ಆಚೆಯಿಂದ ಮಗುವಿನ ದನಿ ಕೇಳಿಸುತ್ತಿತ್ತು. ಅದು ಗಿಳಿಗೆ "ಅಮ್ಮ" ಹೇಳಿಕೊಡುತ್ತಿತ್ತು.

ಅಂಗಡಿಯವನು ಮುದುಕನನ್ನು ಪಿಂಚಣಿ ಪಂಜರಕ್ಕೆ ಹಾಕಿ ಚಿಲಕ ಜಡಿದ. ಪಕ್ಕದ ಬುಟ್ಟಿಯಿಂದ ಮೂರು ವಾರದ ಮರಿಯೊಂದನ್ನು ಎತ್ತಿ ಅವಳ ಮುಂದೆ ಹಿಡಿದ. ಬೆಣ್ಣೆಯ ಬಣ್ಣ, ಹೊಳೆಯುವ ಕಣ್ಣು.

"ತಗೊಳ್ಳಿ. ನನ್ನ ಕಡೆಯಿಂದ ಮಗುವಿಗೆ. ಎರಡು ವರ್ಷ ಗಟ್ಟಿಯಾಗಿರುತ್ತೆ. ಅವಳನ್ನ ಅಳಿಸಬೇಡಿ."

ಅವಳು ಆ ಮರಿಯ ತಲೆಯನ್ನು ಒಂದೇ ಬೆರಳಿನಿಂದ ಸವರಿದಳು. ಆಮೇಲೆ, ಹತ್ತಿ ಅಂಟಿಸಿದ್ದ ಆ ಕೈಯಿಂದಲೇ, ಅದನ್ನು ಅವನತ್ತ ಹಿಂದಕ್ಕೆ ತಳ್ಳಿದಳು.

"ಇದು ನನಗಿಂತ ಹೆಚ್ಚು ದಿನ ಇರುತ್ತೆ, ಅಣ್ಣಾ. ಅವಳು ಮೊದಲನೇ ಸಲ ಅಳೋವಾಗ ನಾನು ಪಕ್ಕದಲ್ಲಿರಬೇಕು. ಎರಡನೇ ಸಲ ಇರಕ್ಕಾಗಲ್ಲ."