ಇಂಜಿನ್ ನಂಬರ್ ಎಲ್ಲಿ?

ಇನ್ಸ್‌ಪೆಕ್ಟರ್ ಪುಪೋ ಮಂಡಿಯೂರಿ ಕೂತು, ಟಾರ್ಚ್ ಬೆಳಕು ಬಿಟ್ಟು, ಮೋಟಾರ್‌ಸೈಕಲ್ಲಿನ ಹೊಟ್ಟೆಯನ್ನು ಮೂರನೇ ಸಲ ನೋಡಿದ. ಕ್ಯೂಬಾದ ಸ್ಯಾಂಟಿಯಾಗೊದ ಆ ಏರುಬೀದಿಯ ಅರ್ಧ ಜನ ಬಾಗಿಲಿಗೆ ಬಂದು ನಿಂತಿದ್ದರು. ಗಾಡಿಯ ಒಡೆಯ ಅರ್ಸೆನಿಯೊ ಮದುಮಗಳ ಅಪ್ಪನಂತೆ ಬೀಗುತ್ತಿದ್ದ. ಇವತ್ತು ಪರವಾನಗಿಗೆ ಪುಪೋನ ಸಹಿ ಬಿದ್ದರೆ ನಾಳೆಯಿಂದ ಜನ ಕೂರಿಸಿ ಬಾಡಿಗೆ ಹೊಡೆಯಬಹುದು.

ಸಹಿ ಬೀಳಲೆಂದು ಅವನಿಗಿಂತ ಹೆಚ್ಚಾಗಿ ಕೋಬ್ರೆ ಮಾತೆಗೆ ಹರಕೆ ಹೊತ್ತವಳು ಹೆಂಡತಿ ಎನೇಯ್ದಾ. ಅಜ್ಜನ ಕಾಲದ ಆ ಜಾವಾ ಎಂಟು ತಿಂಗಳಿಂದ ಅವಳ ಮನೆಯನ್ನು ತಿಂದು ಕೊಬ್ಬಿತ್ತು. ಮೊದಲು ಬರೀ ಬಣ್ಣ ಎಂದ, ರೇಡಿಯೊ ಮಾರಾಟಕ್ಕೆ ಹೋಯಿತು. ಇಷ್ಟು ಚೆಂದದ ಬಣ್ಣಕ್ಕೆ ಹಳೆ ಬ್ರೇಕ್ ಒಪ್ಪುವುದಿಲ್ಲ ಎಂದ. ಹೊಲಿಗೆ ಯಂತ್ರ ಹೋಯಿತು. ಹೊಸ ಬ್ರೇಕಿಗೆ ತಕ್ಕ ಇಂಜಿನ್ ಬೇಡವೇ ಎಂದ. ಅವಳು ಐಸ್ ಕ್ಯಾಂಡಿ ಮಾಡಿ ಮಾರುತ್ತಿದ್ದ ಫ್ರಿಜ್ಜೇ ಹೋಯಿತು. "ದಿನಕ್ಕೆ ಹದಿನೆಂಟು ಗಂಟೆ ಕರೆಂಟಿರಲ್ಲ. ಅದು ಫ್ರಿಜ್ಜಲ್ಲ ಕಣೇ, ಬಿಳೀ ಬೀರು" ಎಂದು ಸಮಾಧಾನ ಬೇರೆ ಹೇಳಿದ್ದ. ಮಿಕ್ಕಿದ ದುಡ್ಡಿನಲ್ಲಿ ಸೀಟಿಗೆ ಕೆಂಪು ಚರ್ಮ ಹೊದಿಸಿದ. ಈಗ ಆ ಮನೆಯಲ್ಲಿ ಕೂರಲು ಅಷ್ಟು ಒಳ್ಳೆಯ ಜಾಗ ಇನ್ನೊಂದಿರಲಿಲ್ಲ.

ಪುಪೋ ಎದ್ದು ಮಂಡಿ ಕೊಡವಿಕೊಂಡ. "ಅರ್ಸೆನಿಯೊ, ಕಾಗದದಲ್ಲಿರೋ ಇಂಜಿನ್ ನಂಬರ್ ಇಲ್ಲಿಲ್ವಲ್ಲಪ್ಪ."

"ಹೆಂಗಿರುತ್ತೆ ಸ್ವಾಮಿ? ಅದು ಹಳೇ ಇಂಜಿನ್ನಿಂದು. ಇದು ಡಬಲ್ ಶಕ್ತಿ! ಇಡೀ ಕ್ಯೂಬಾದಲ್ಲಿ ಇಂಥದ್ದು ಇನ್ನೊಂದು ತೋರ್ಸಿ ನೋಡೋಣ."

"ಇದರ ಕಾಗದ?"

"ಬಿಡಿ ಬಿಡಿಯಾಗಿ ತಂದು ಕೂಡಿಸಿದ್ದು. ಕಾಗದ ಎಲ್ಲಿಂದ ಬರ್ಬೇಕು?"

"ಹಂಗಾದ್ರೆ ಸರ್ಕಾರದ ಪಾಲಿಗೆ ಈ ಗಾಡಿ ಹುಟ್ಟೇ ಇಲ್ಲ. ನಿಮ್ಮಜ್ಜನ ಗಾಡಿ ಅಂದ್ರೆ ಆ ಹಳೇ ಇಂಜಿನ್ನೇ. ಅದನ್ನ ತಂದು ಕೂರ್ಸು, ಸಹಿ ಹಾಕ್ತೀನಿ. ಇಲ್ದಿದ್ರೆ ಇದನ್ನ ಎಳ್ಕೊಂಡು ಹೋಗ್ತೀನಿ, ಬೇಜಾರ್ ಮಾಡ್ಕೋಬೇಡ."

ಎನೇಯ್ದಾಗೆ ಹೋದ ಜೀವ ಬಂದಂತಾಯಿತು. "ಅಷ್ಟೇ ತಾನೇ? ತಗೊಂಡ್ ಬಾರೋ ಮಾರಾಯ! ಎಲ್ಲಿಟ್ಟಿದೀಯ?"

ಅರ್ಸೆನಿಯೊ ತನ್ನ ಚಪ್ಪಲಿ ನೋಡತೊಡಗಿದ.

"ಎಲ್ಲಿಟ್ಟಿದೀಯ ಅಂದೆ."

"ಪಾತ್ರೆ ಎರಕ ಹೊಯ್ಯೋ ಎವೆಲಿಯೊಗೆ ಕೊಟ್ಟೆ. ಒಳ್ಳೇ ಅಲ್ಯೂಮಿನಿಯಂ ಅಂದ. ಹ್ಯಾಂಡಲ್‌ಗೆ ಹೊಳಪು ಹಾಕಿಸ್ಕೊಟ್ಟ. ಅದನ್ನ ಕರಗಿಸಿ ಮೇಲೊಂದು ಪಾತ್ರೆನೂ ಹೊಯ್ದುಕೊಟ್ಟ." ಅವನ ದನಿ ಇಳಿಯಿತು. "ನಿನ್ ಹುಟ್ಟುಹಬ್ಬಕ್ಕೆ ತಂದ್ಕೊಟ್ಟೆನಲ್ಲ... ಅದೇ."

ಬೀದಿಗೆ ಬೀದಿಯೇ ಬಿದ್ದುಬಿದ್ದು ನಕ್ಕಿತು. ಪುಪೋ ಕೂಡ ಟೋಪಿಯಿಂದ ಬಾಯಿ ಮುಚ್ಚಿಕೊಂಡ. ಎನೇಯ್ದಾ ನಗಲಿಲ್ಲ. ಎಂಟು ತಿಂಗಳಲ್ಲಿ ಗಂಡ ತನಗೆಂದು ತಂದದ್ದು ಅದೊಂದೇ ಎಂದು ಆ ದಿನ ಅವಳು ಅಂಗಿಯ ತೋಳಿಗೇ ಕಣ್ಣೊರೆಸಿಕೊಂಡಿದ್ದಳು. ಆ ಕಣ್ಣೀರು ನೆನೆದು ಈಗ ಅವಳಿಗೆ ಮೈಯೆಲ್ಲ ಉರಿದುಹೋಯಿತು.

ಒಳಗೆ ಹೋದಳು. ಇದ್ದಿಲ ಒಲೆಯ ಮೇಲೆ ಕೊತಕೊತ ಕುದಿಯುತ್ತಿದ್ದ ಕಪ್ಪು ಹುರುಳಿಕಾಯಿ ಬೀಜದ ಸಮೇತ ಅದೇ ಪಾತ್ರೆಯನ್ನು ಮಸಿಬಟ್ಟೆಯಲ್ಲಿ ಹಿಡಿದು ತಂದಳು. ನೇರವಾಗಿ ಕೆಂಪು ಸೀಟಿನ ಮೇಲೆ ಕುಕ್ಕಿದಳು. ಚರ್ಮ ಚುರ್ ಎಂದಿತು.

"ನೋಡಿ ಸ್ವಾಮಿ, ಈ ಮನೇಲಿ ಕಾಗದಪತ್ರ ಸರಿಯಾಗಿರೋ ಮೋಟಾರ್‌ಸೈಕಲ್ ಇದೊಂದೇ. ತಳದಲ್ಲೆಲ್ಲಾದ್ರೂ ನಂಬರ್ ಸಿಕ್ಕರೆ ಸಹಿ ಹಾಕ್ಬಿಡಿ."

ಅರ್ಸೆನಿಯೊ ಧಾವಿಸಿ ಪಾತ್ರೆಗೆ ಕೈ ಹಾಕಿ, ಅಯ್ಯೋ ಎಂದು ಬೆರಳು ಊದಿಕೊಂಡ. ಸೀಟು ಕಮರುವ ವಾಸನೆ ಬೀದಿಗೆಲ್ಲ ಹಬ್ಬುತ್ತಿತ್ತು. ಮಸಿಬಟ್ಟೆ ಕೊಡೆಂದು ಅವನು ಕೈ ಚಾಚಿದ. ಎನೇಯ್ದಾ ಅದನ್ನು ನಾಲ್ಕು ಮಡಿಕೆ ಮಾಡಿ ಹೆಗಲ ಮೇಲೆ ಹಾಕಿಕೊಂಡಳು.