ಗುಲ್ಷನ್ ಖಾಲಾ ಹಾಕಿದ ಗಂಟು

"ಅಯ್ಯೋ ಖಾಲಾ, ಏನ್ ಮಾಡ್ಬಿಟ್ರಿ!"

ತರನ್ನುಮ್ ಕೈಲಿದ್ದ ಥರ್ಮಾಕೋಲಿನ ಹಾಳೆ ಜಾರಿ ನೆಲಕ್ಕೆ ಬಿತ್ತು. ಪ್ಯಾಕಿಂಗಿಗೆ ಅಂತ ಅದನ್ನು ತರಲು ಶಿಡ್ಲಘಟ್ಟದ ಬಸ್‌ಸ್ಟ್ಯಾಂಡಿನ ತನಕ ಹೋಗಿ ಬಂದದ್ದು ಹೆಚ್ಚೆಂದರೆ ಒಂದು ಗಂಟೆ. ಅಷ್ಟರಲ್ಲಿ ಅವಳ ಎಂಟು ತಿಂಗಳ ಕೆಲಸಕ್ಕೆ ಒಂದು ಗತಿ ಕಾಣಿಸಿ, ಅಮ್ಮನ ಅಕ್ಕ ಗುಲ್ಷನ್ ಖಾಲಾ ನಿರಾಳವಾಗಿ ಚಹಾ ಕುಡಿಯುತ್ತಾ ಕೂತಿದ್ದರು.

ಗೋಡೆಗೆ ಒರಗಿದ್ದದ್ದು ಚೌಕಟ್ಟಿಗೆ ಬಿಗಿದ ಆರಡಿ ಉದ್ದದ ಬಟ್ಟೆ. ಮುಚ್ಚಿಹೋದ ಒಂದು ರೇಷ್ಮೆ ನೂಲಿನ ಘಟಕದ ಮುಂದೆ ಹನ್ನೊಂದು ಹೆಂಗಸರು ಸಾಲಾಗಿ ನಿಂತಿದ್ದ ಹಳೇ ಫೋಟೋವನ್ನು ಅದರ ಮೇಲೆ ಅಚ್ಚು ಹಾಕಿಸಿದ್ದಳು ತರನ್ನುಮ್. ಅವರ ಸೀರೆಗೆ, ಬುರ್ಖಾದ ಅಂಚಿಗೆ, ಬಳೆಗೆಲ್ಲ ಕಸೂತಿ. ನಡುನಡುವೆ ಒಣಗಿದ ರೇಷ್ಮೆಗೂಡು, ಹರಕು ರಟ್ಟು. ಆ ಹೆಂಗಸರ ಬೆರಳುಗಳಿಂದ ಮಾತ್ರ ಬಣ್ಣಬಣ್ಣದ ಎಳೆಗಳನ್ನು ಮುಗಿಸದೆ ಹಾಗೇ ಇಳಿಬಿಟ್ಟಿದ್ದಳು. 'ತುಂಡಾದ ಎಳೆಗಳು' ಅಂತ ಹೆಸರು. ಬೆಂಗಳೂರಿನ ಪ್ರದರ್ಶನಕ್ಕೆ ಆಯ್ಕೆಯಾದ ಅವಳ ಮೊಟ್ಟಮೊದಲ ಕೃತಿ. ಕೃತಿಯ ಫೋಟೋ ನೋಡಿಯೇ ಆರಿಸಿದವರು, "ಆ ಜೋತುಬಿದ್ದ ಎಳೆಗಳಲ್ಲೇ ಇದರ ಜೀವ" ಅಂತ ಬರೆದಿದ್ದರು. ಒಯ್ಯಲು ವ್ಯಾನು ಬರೋದಕ್ಕೆ ಇನ್ನು ಅರ್ಧ ಗಂಟೆ. ಈಗ ನೋಡಿದರೆ, ಪಕ್ಕಪಕ್ಕದವರ ಎಳೆಗಳನ್ನು ಒಂದಕ್ಕೊಂದು ಸೇರಿಸಿ ಖಾಲಾ ಗಂಟು ಹಾಕಿಬಿಟ್ಟಿದ್ದರು.

"ಏನ್ ಮಾಡ್ದೆ ಅಂದ್ರೆ? ನೀನು ಬಿಟ್ಟಿದ್ದನ್ನ ಮುಗಿಸ್ದೆ. ಇಪ್ಪತ್ತೆರಡು ವರ್ಷ ಬಿಸಿನೀರಲ್ಲಿ ಕೈ ಅದ್ದಿ ನೂಲು ತೆಗೆದೋಳು ನಾನು. ಎಳೆ ತುಂಡಾಯ್ತಾ, ಕಣ್ಣು ಮುಚ್ಚಿ ತೆಗೆಯೋದ್ರೊಳಗೆ ಗಂಟು ಬಿದ್ದಿರ್ಬೇಕು. ಹಾಗೆ ಜೋತಾಡ್ತಾ ಇದ್ರೆ ನೋಡ್ಕೊಂಡು ಕೂರೋಕಾಗತ್ತಾ ನನ್ ಕೈಲಿ?"

"ಅದು ಬೇಕಂತ್ಲೇ ಬಿಟ್ಟಿದ್ದು ಖಾಲಾ! ಘಟಕ ಮುಚ್ಚಿತು, ನೀವೆಲ್ಲ ಚೆಲ್ಲಾಪಿಲ್ಲಿ ಆಗ್ಬಿಟ್ರಿ ಅಂತ..."

"ಚೆಲ್ಲಾಪಿಲ್ಲಿನಾ? ಯಾರು ಹೇಳಿದ್ದು? ಮೊನ್ನೆ ಅಮ್ಮಾಜಮ್ಮನ ಮೊಮ್ಮಗಳ ನಾಮಕರಣಕ್ಕೆ ಈ ಹನ್ನೊಂದರಲ್ಲಿ ಒಂಬತ್ತು ಜನ ಹೋಗಿದ್ವಿ ಕಣೇ. ಫೋಟೋ ನೋಡಿ ನಮ್ಮ ಕಥೆ ಬರೆಯೋಕೆ ಮುಂಚೆ ಒಂದು ಮಾತು ಕೇಳ್ಬಾರ್ದಾ?"

ತರನ್ನುಮ್‌ಗೆ ಅಳು ಉಕ್ಕಿಬಂತು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತಲ್ಲ ಎಂಟು ತಿಂಗಳ ದುಡಿಮೆ ಅಂತ ಕತ್ತರಿ ಹಿಡಿದು ಬಟ್ಟೆಯ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಗಂಟು ಎಲ್ಲಿದೆ ಅಂತ ಹುಡುಕಿದರೆ ಸಿಕ್ಕರೆ ತಾನೆ! ಎಳೆಯ ಮೇಲೆ ಬೆರಳಾಡಿಸಿದರೂ ತಿಳಿಯದಷ್ಟು ಸಣ್ಣ. ಒಬ್ಬಳ ಕೈಯಿಂದ ಹೊರಟ ಗುಲಾಬಿ ಎಳೆ ನಡುದಾರಿಯಲ್ಲಿ ಸದ್ದಿಲ್ಲದೆ ಹಸಿರಾಗಿ ಇನ್ನೊಬ್ಬಳ ಕೈ ಸೇರುತ್ತಿತ್ತು. ಅವಳು ಕತ್ತರಿ ಕೆಳಗಿಟ್ಟಳು. ಎದ್ದು ನಾಲ್ಕು ಹೆಜ್ಜೆ ಹಿಂದೆ ಹೋಗಿ ನೋಡಿದಳು. ಸಿಟ್ಟು ಇನ್ನೂ ಇತ್ತು, ಆದರೆ ಅಬ್ಬಾ, ಎಷ್ಟು ಚೆನ್ನಾಗಿದೆ ಅಂತ ಮನಸ್ಸು ಒಪ್ಪಿಕೊಂಡಾಗಿತ್ತು.

ಆಗ ಕಂಡದ್ದು ಬಲಗಡೆಯ ಕೊನೆ. ಅಲ್ಲಿ ಎರಡು ಎಳೆ, ಒಂದು ನೀಲಿ, ಒಂದು ಹಳದಿ, ಗೇಣು ದೂರದಲ್ಲಿ ಬೇರೆಬೇರೆಯಾಗಿ ಜೋತಾಡುತ್ತಿದ್ದವು. ನೀಲಿ ಎಳೆಯ ಹೆಂಗಸು ಸ್ವತಃ ಖಾಲಾ.

"ಇವೆರಡು ಮರೆತ್ರಾ ಖಾಲಾ?"

"ಮರೆಯೋಕೆ ನನಗೇನು ಅರಳು ಮರಳಾ?" ಖಾಲಾ ಮುಖ ಆಚೆ ತಿರುಗಿಸಿದರು. "ಆ ಹಳದಿ, ವರಲಕ್ಷ್ಮಮ್ಮಂದು. ನನ್ ಮಗಳು ಲುಬ್ನಾ ಮದುವೇಲಿ ಅವಳಿಗೋಸ್ಕರ ಅಂತ ಬೇರೆ ಒಲೆ ಹೂಡಿಸಿ, ಬೇರೆ ಪಾತ್ರೆ ತರಿಸಿ ಚಿತ್ರಾನ್ನ ಮಾಡಿಸಿದ್ದೆ. ಶನಿವಾರ, ಉಪವಾಸ ಅಂತ ಒಂದು ಅಗುಳೂ ಮುಟ್ಟದೆ ಹೊರಟುಹೋದಳು. ಮೂರು ವರ್ಷ ಆಯ್ತು, ಮಾತಿಲ್ಲ ಕಥೆಯಿಲ್ಲ. ಅವಳೇ ಬರ್ಲಿ ಬೇಕಾದ್ರೆ."

ತರನ್ನುಮ್ ಮತ್ತೆ ಬಟ್ಟೆ ನೋಡಿದಳು. ಎಲ್ಲವೂ ಕೂಡಿಕೊಂಡ ಸಾಲಿನಲ್ಲಿ ಆ ಎರಡೇ ಎಳೆ ಒಂಟಿ. ಕಣ್ಣು ಬೇಡವೆಂದರೂ ಅಲ್ಲಿಗೇ ಹೋಗಿ ನಿಲ್ಲುತ್ತಿತ್ತು. ಇಪ್ಪತ್ತು ಎಳೆ ಜೋತುಬಿಟ್ಟು ತಾನು ಹೇಳಲಾರದ್ದನ್ನು ಈ ಎರಡು ಹೇಳುತ್ತಿವೆ ಅನ್ನಿಸಿತು. ಖುಷಿಯಲ್ಲಿ ಖಾಲಾರ ಕೆನ್ನೆಗೊಂದು ಮುತ್ತು ಕೊಟ್ಟು, ಕೃತಿಯ ಹೆಸರಿನ ಚೀಟಿ ಹರಿದುಹಾಕಿದಳು. ಹೊಸ ಹೆಸರು ದಾರಿಯಲ್ಲಿ ಯೋಚಿಸಿದರಾಯಿತು.

ವ್ಯಾನು ಬಂತು. ಡ್ರೈವರ್ ಮೋಹನ್‌ಬಾಬು ಒಂದು ಕಡೆ, ತರನ್ನುಮ್ ಒಂದು ಕಡೆ ಹಿಡಿದು ಬಟ್ಟೆಯನ್ನು ಜೋಪಾನವಾಗಿ ಒಳಗಿಟ್ಟರು. ತಿರುಗಿ ನೋಡಿದರೆ ಖಾಲಾ ಬುರ್ಖಾ ತೊಟ್ಟು ಮುಂದಿನ ಸೀಟು ಹತ್ತಿ ಕೂತಿದ್ದಾರೆ!

"ಚಿಕ್ಕಬಳ್ಳಾಪುರದ ಮೇಲೇ ತಾನೆ ಹೋಗೋದಪ್ಪ? ಅಲ್ಲಿ ಹೂವಿನ ಮಾರ್ಕೆಟ್ ಹತ್ರ ಐದು ನಿಮಿಷ ನಿಲ್ಸು. ವರಲಕ್ಷ್ಮಮ್ಮ ಅಲ್ಲೇ ಹೂವು ಕಟ್ತಾಳೆ. ಅವಳೇ ಬರ್ಲಿ ಅಂತ ಇನ್ನೆಷ್ಟು ವರ್ಷ ಕಾಯೋದು? ಅವಳನ್ನ ಕರ್ಕೊಂಡು ಬರ್ತೀನಿ, ಅವಳ ಕೈಲೇ ಆ ಗಂಟು ಹಾಕಿಸ್ಬೇಕು."

ತರನ್ನುಮ್ ಓಡಿಬಂದು ಬಾಗಿಲು ಹಿಡಿದಳು. "ಬೇಡ ಖಾಲಾ, ನಿಮ್ಮ ದಮ್ಮಯ್ಯ! ಆ ಎರಡು ಹಾಗೇ ಇರ್ಲಿ. ಅದ್ರಿಂದ್ಲೇ ಚಿತ್ರ ಅಷ್ಟು ಚೆನ್ನಾಗಿರೋದು."

ಖಾಲಾ ಅವಳ ಮುಖವನ್ನೇ ನೋಡಿದರು.

"ನಿನ್ನ ಚಿತ್ರ ಚೆನ್ನಾಗಿರ್ಲಿ ಅಂತ ನಾವಿಬ್ರೂ ಸಾಯೋತನಕ ಹೀಗೇ ಇರ್ಬೇಕೇನೇ?"