ನೀಲವ್ವನ ಸರದಿ

ನನ್ನ ಗಂಡ ಚನ್ನವೀರನನ್ನು ಮಣ್ಣು ಮಾಡಿದ ಮರುದಿನ ಬೆಳಿಗ್ಗೆ, ಚಾಲಕನಿಲ್ಲದ ಊರಬಂಡಿ ಎಂದಿನಂತೆ ಬಾಗಿಲಿಗೆ ಬಂದು ಸೀಟನ್ನು ಹಾಸಿಗೆಯಂತೆ ಚಾಚಿತು. "ಚನ್ನವೀರ, ಆಸ್ಪತ್ರೆಗೆ ಹೊರಡೋಣವೇ?" ಎಂದು ಕೇಳಿತು.

ಊರಿಗೆಲ್ಲ ಒಂದೇ ಬಂಡಿ. ಮನೆಗೆ ತಿಂಗಳಿಗೊಂದು ಸರದಿ. ಹೋದ ತಿಂಗಳು ಚನ್ನವೀರ ಪಕ್ಕದ ಮನೆಯ ನೀಲವ್ವನ ಸರದಿಯನ್ನೂ ಕಡ ಪಡೆದಿದ್ದ. ಅವಳ ಕಣ್ಣಿನ ಆಪರೇಷನ್ ನಿಂತುಹೋಗಿತ್ತು. ಇಂದಿನ ಸರದಿ ನಮ್ಮದು.

ನೀಲವ್ವನ ಕೈಹಿಡಿದು ಕರೆತಂದೆ.

"ಸತ್ತಾಂವನ್ನ ಕರೀತೈತಲ್ಲ! ಇದರ ಕಣ್ಣ ನನಗಿಂತ ಮಂಜಾಗ್ಯಾವೇನು?" ಎಂದಳು.

"ಹತ್ತ ಬೇ ಯವ್ವಾ. ನಿಂದ ಸರದಿ."

"ಚನ್ನವೀರ ಬರುವುದಿಲ್ಲವೇ?" ಬಂಡಿ ಮತ್ತೆ ಕೇಳಿತು.

ಸರದಿ ಬಿಟ್ಟುಕೊಡಲು ಮನೆಯವರೇ ಬಂಡಿಗೆ ಕಾರಣ ಹೇಳಬೇಕು. ಆ ಮಾತನ್ನು ನಾನು ಇನ್ನೂ ಯಾರೆದುರೂ ಆಡಿರಲಿಲ್ಲ.

"ಅವರು ತೀರಿಕೊಂಡಾರ," ಎಂದೆ. "ಕಡಾ ತಗೊಂಡಿದ್ದ ಸರದಿ ನೀಲವ್ವಗ ಕೊಡಾಕತ್ತೇನಿ."

ಬಂಡಿ ಚಾಚಿದ್ದ ಸೀಟನ್ನು ನೆಟ್ಟಗೆ ಮಾಡಿತು. ನೀಲವ್ವ ಹತ್ತಿ ಕುಳಿತಳು.